ಬೆಕ್ಕಿಗೇ ಪ್ರಾಣಸಂಕಟ: ಬಾಬ್‌ಕ್ಯಾಟ್ ತುಪ್ಪಳ, ಬೇಟೆಯ ಮಿತಿ ಮತ್ತು ಮಾರುಕಟ್ಟೆಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಉಪಶೀರ್ಷಿಕೆ ಕೊಡಲಾಗಿದೆ.)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಅಡುಗೆ ಮಾಡ್ತಾ ಕೇಳ್ತಿರೋರಿಗೆ, ರಾತ್ರಿ ನಿದ್ದೆ ಬರ್ಲಿ ಅಂತ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಸಂಚಿಕೆಯನ್ನ ಎರಡು ಬೆಲೆಗಳಿಂದ ಶುರು ಮಾಡ್ತೀನಿ.

ಮೊದಲನೆಯದು ಸುಮಾರು 315 ಡಾಲರ್. ಎರಡನೆಯದು ಸುಮಾರು 3 ಲಕ್ಷ 8 ಸಾವಿರ ಡಾಲರ್. ಎರಡೂ ಒಂದೇ ಪ್ರಾಣಿಗೆ ಕಟ್ಟಿದ ಬೆಲೆ.

ಪ್ರಾಣಿಯ ಹೆಸರು ಬಾಬ್‌ಕ್ಯಾಟ್. ಉತ್ತರ ಅಮೆರಿಕದ ಕಾಡುಬೆಕ್ಕು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಮ್ಯಾಡಿಸನ್ ನದಿಯ ದಡದಲ್ಲಿ ಒಂದು ಬಾಬ್‌ಕ್ಯಾಟ್ ಇಡೀ ಚಳಿಗಾಲ ಜನರ ಕಣ್ಣಿಗೆ ಬೀಳ್ತಾ ಇತ್ತು. ಅದನ್ನ ನೋಡೋಕೆ, ಫೋಟೊ ತೆಗೆಯೋಕೆ ಅಂತ ಬಂದವರಿಂದ ಅಲ್ಲಿನ ಪ್ರವಾಸೋದ್ಯಮಕ್ಕೆ ಎಷ್ಟು ದುಡ್ಡು ಬಂತು ಅಂತ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಬಂದ ಉತ್ತರ 3 ಲಕ್ಷ 8 ಸಾವಿರ. ಅದೇ ಬೆಕ್ಕು ಉದ್ಯಾನದ ಗಡಿ ದಾಟಿ, ಟ್ರ್ಯಾಪ್‌ಗೆ ಸಿಕ್ಕಿ, ಅದರ ಚರ್ಮ ಮಾರಾಟ ಆಗಿದ್ರೆ ಸಿಗ್ತಿದ್ದದ್ದು ಸುಮಾರು 315. ಹತ್ತಿರ ಹತ್ತಿರ ಸಾವಿರ ಪಟ್ಟು ವ್ಯತ್ಯಾಸ.

ಇದನ್ನ ಕೇಳಿದ ತಕ್ಷಣ, "ಹಾಗಾದ್ರೆ ವಿಷಯ ಮುಗೀತಲ್ಲ, ಕೊಲ್ಲೋದು ನಷ್ಟದ ವ್ಯಾಪಾರ" ಅನ್ಸುತ್ತೆ. ಅಷ್ಟು ಸುಲಭ ಇಲ್ಲ. 315 ಡಾಲರ್ ನೇರವಾಗಿ ಒಬ್ಬನ ಜೇಬಿಗೆ ಹೋಗುತ್ತೆ. 3 ಲಕ್ಷ ಡಾಲರ್ ಹೋಟೆಲ್, ಗೈಡ್, ಫೋಟೊಗ್ರಾಫರ್, ಗಾಡಿ ಬಾಡಿಗೆ ಅಂತ ಹತ್ತಾರು ಕಡೆ ಹಂಚಿಹೋಗುತ್ತೆ. ಗಡಿಯಲ್ಲಿ ಟ್ರ್ಯಾಪ್ ಇಟ್ಟವನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಜೊತೆಗೆ, ರಸ್ತೆ ಪಕ್ಕದಲ್ಲಿ ಎಲ್ಲರಿಗೂ ಕಾಣೋ ಒಂದು ಬೆಕ್ಕಿನ ಬೆಲೆಯನ್ನ, ಯಾರ ಕಣ್ಣಿಗೂ ಬೀಳದೆ ಬದುಕೋ ಲಕ್ಷಾಂತರ ಬೆಕ್ಕುಗಳ ಸಂಖ್ಯೆಯಿಂದ ಗುಣಿಸೋಕಾಗಲ್ಲ. ಅದು ಬಿ.ಕಾಂ. ಮೊದಲ ವರ್ಷದಲ್ಲೇ ನಮಗೆ ಹೇಳಿಕೊಡೋ ಪಾಠ.

ಹಾಗಾಗಿ ಇವತ್ತಿನ ಪ್ರಶ್ನೆ ಬೇರೆ. ವರ್ಷಕ್ಕೆ ಎಷ್ಟು ಬಾಬ್‌ಕ್ಯಾಟ್ ಕೊಲ್ಲಬಹುದು ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ? ಕಾನೂನಾ, ವಿಜ್ಞಾನಿಗಳಾ, ಮತದಾರರಾ? ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ. ಕಳೆದ ಐವತ್ತು ವರ್ಷಗಳಲ್ಲಿ ಹೆಚ್ಚಿನ ಸಲ ಅದನ್ನ ತೀರ್ಮಾನಿಸಿದ್ದು ತುಪ್ಪಳದ ಬೆಲೆ. ಮಿತಿ ಅನ್ನೋದು ಆ ಬೆಲೆಗೆ ಕಡಿವಾಣ ಹಾಕಬೇಕಿತ್ತು. ಹಾಕಿದೆಯಾ ಅಂತ ನೋಡೋಣ.

ಮೊದಲು ಬೆಕ್ಕಿನ ಪರಿಚಯ

ಬಾಬ್‌ಕ್ಯಾಟ್ ನಮ್ಮ ಮನೆ ಬೆಕ್ಕಿನ ಎರಡರಷ್ಟು ದೊಡ್ಡದು. ಬಾಲ ಮಾತ್ರ ಮೊಂಡು, ಯಾರೋ ಕತ್ತರಿಸಿಬಿಟ್ಟ ಹಾಗೆ. ಹೆಸರು ಬಂದಿದ್ದೇ ಆ ಮೊಂಡುಬಾಲದಿಂದ. ಕಿವಿ ತುದಿಯಲ್ಲಿ ಸಣ್ಣ ಕೂದಲ ಜುಟ್ಟು, ಮೈಮೇಲೆ ಚುಕ್ಕೆ. ಮೊಲ, ಇಲಿ, ಅಳಿಲು ಇದರ ಊಟ. ಅಪರೂಪಕ್ಕೆ ಜಿಂಕೆಯನ್ನೂ ಹಿಡಿಯುತ್ತೆ. ಕೆನಡಾದ ದಕ್ಷಿಣ ಭಾಗದಿಂದ ಮೆಕ್ಸಿಕೊವರೆಗೆ, ಕಾಡು, ಮರುಭೂಮಿ, ಜೌಗು, ಊರಂಚು, ಎಲ್ಲ ಕಡೆ ಬದುಕುತ್ತೆ. ಒಂಟಿ ಪ್ರಾಣಿ. ನಾಚಿಕೆ ಸ್ವಭಾವ.

ಈಗ ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಬಾಬ್‌ಕ್ಯಾಟ್ ಅಳಿವಿನಂಚಿನಲ್ಲಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸುಮಾರು 7ರಿಂದ 10 ಲಕ್ಷ ಇರಬಹುದು ಅಂತ ಅಂದಾಜು ಮಾಡಿದ್ರು. 2010ರಲ್ಲಿ ಪ್ರಕಟವಾದ ಇನ್ನೊಂದು ಅಂದಾಜು 23ರಿಂದ 35 ಲಕ್ಷ ಅಂತ ಹೇಳಿತು. ಇವು ತಲೆ ಎಣಿಸಿದ ಲೆಕ್ಕ ಅಲ್ಲ. ಒಂದೊಂದು ರಾಜ್ಯ ಒಂದೊಂದು ರೀತಿ ಹಾಕಿದ ಅಂದಾಜುಗಳ ಮೊತ್ತ. ಆದ್ರೂ ಸಂಖ್ಯೆ ಮೇಲಕ್ಕೆ ಹೋಗಿದೆ ಅನ್ನೋದರಲ್ಲಿ ದೊಡ್ಡ ತಕರಾರಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲೂ ಇದು ಅತಿ ಕಡಿಮೆ ಆತಂಕದ ಗುಂಪಿನಲ್ಲಿದೆ.

ಹಾಗಾಗಿ "ಕೊನೆಯ ಬಾಬ್‌ಕ್ಯಾಟ್‌ಗಳನ್ನ ಉಳಿಸಿ" ಅಂತ ಯಾರಾದ್ರೂ ಫಾರ್ವರ್ಡ್ ಕಳಿಸಿದ್ರೆ ನಂಬಬೇಡಿ. ಹಾಗೇ "ಸಿಕ್ಕಾಪಟ್ಟೆ ಇವೆ, ಕೊಂದ್ರೇನಂತೆ" ಅನ್ನೋ ಮಾತನ್ನೂ ಅಷ್ಟಕ್ಕೇ ಬಿಡಬೇಡಿ. ಯಾಕಂದ್ರೆ ಇಷ್ಟು ಹೊಂದಿಕೊಳ್ಳೋ ಪ್ರಾಣಿ ಒಹಾಯೊ, ಇಂಡಿಯಾನಾ, ಇಲಿನಾಯ್‌ನಂಥ ರಾಜ್ಯಗಳಲ್ಲಿ ಒಂದು ಕಾಲಕ್ಕೆ ಹೆಚ್ಚುಕಮ್ಮಿ ಕಾಣೆಯಾಗಿತ್ತು. ಕಾಡು ಕಡಿದದ್ದು ಒಂದು ಕಾರಣ, ಮಿತಿಯಿಲ್ಲದೆ ಕೊಂದದ್ದು ಇನ್ನೊಂದು. ಅಲ್ಲೆಲ್ಲ ಅದು ತಿರುಗಿ ಬಂದದ್ದು ದಶಕಗಳ ರಕ್ಷಣೆ ಸಿಕ್ಕ ಮೇಲೆ.

ಚಿರತೆಯ ಕೋಟು ಹೋಯ್ತು, ಬಾಬ್‌ಕ್ಯಾಟ್ ಕೋಟು ಬಂತು

1962ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಜ್ಯಾಕಿ ಕೆನಡಿ ಚಿರತೆ ಚರ್ಮದ ಕೋಟು ಹಾಕ್ಕೊಂಡು ಕಾಣಿಸಿಕೊಂಡ್ರು. ಅವರು ಹಾಕಿದ್ದೆಲ್ಲ ಫ್ಯಾಷನ್ ಆಗ್ತಿದ್ದ ಕಾಲ ಅದು. ಚುಕ್ಕೆಯ ತುಪ್ಪಳಕ್ಕೆ ಬೇಡಿಕೆ ಏರಿತು. ಆಫ್ರಿಕಾದ ಚಿರತೆ, ದಕ್ಷಿಣ ಅಮೆರಿಕದ ಆಸಿಲಾಟ್, ಹೀಗೆ ಚುಕ್ಕೆ ಇದ್ದ ಬೆಕ್ಕುಗಳಿಗೆಲ್ಲ ಕೆಟ್ಟಕಾಲ ಶುರುವಾಯ್ತು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಮೆರಿಕದಲ್ಲಿ 1973ರಲ್ಲಿ ಅಳಿವಿನಂಚಿನ ಪ್ರಾಣಿಗಳ ಕಾಯ್ದೆ ಬಂತು. ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸೋ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಚಿರತೆ ಕೋಟು ಕಾನೂನಿಗೆ ವಿರುದ್ಧವಾಯ್ತು. ಆದ್ರೆ ಚುಕ್ಕೆ ಕೋಟಿನ ಆಸೆ ಹೋಗಲಿಲ್ಲ. ಕಾನೂನಿನ ಒಳಗೆ ಸಿಗೋ ಚುಕ್ಕೆಯ ಬೆಕ್ಕು ಯಾವುದು ಅಂತ ವ್ಯಾಪಾರಿಗಳು ಹುಡುಕಿದ್ರು. ಅವರ ಮನೆ ಹಿತ್ತಲಲ್ಲೇ ಇತ್ತು. 1970ರ ದಶಕದ ಆರಂಭದಲ್ಲಿ ಹತ್ತಿಪ್ಪತ್ತು ಡಾಲರ್‌ಗೆ ಹೋಗ್ತಿದ್ದ ಬಾಬ್‌ಕ್ಯಾಟ್ ಚರ್ಮ ದಶಕದ ಕೊನೆಗೆ ನೂರು ಡಾಲರ್ ದಾಟಿತು.

ನಮ್ಮ ದೇಶದ ಚಿರತೆ ಸೇರಿದಂತೆ ದೊಡ್ಡ ಬೆಕ್ಕುಗಳಿಗೆ ಸಿಕ್ಕ ರಕ್ಷಣೆಯ ಬಿಲ್ಲನ್ನ ಎಲ್ಲೋ ನೆವಾಡಾದ ಮರುಭೂಮಿಯಲ್ಲಿದ್ದ ಒಂದು ಸಣ್ಣ ಬೆಕ್ಕು ಕಟ್ಟಿತು. ಬೇಡಿಕೆಯನ್ನ ಹಾಗೇ ಬಿಟ್ಟು ಒಂದು ಸರಕನ್ನ ನಿಷೇಧಿಸಿದ್ರೆ, ಆ ಬೇಡಿಕೆ ಪಕ್ಕದ ಸರಕಿನ ಮೇಲೆ ಹೋಗಿ ಕೂರುತ್ತೆ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಬದಲಿ ಸರಕು ಅಂತಾರೆ. ಟೀ ಬೆಲೆ ಏರಿದ್ರೆ ಕಾಫಿ ಕುಡೀತಾರೆ ಅಂತ ಪಿಯುಸಿಯಲ್ಲಿ ಓದಿರ್ತೀರಲ್ಲ, ಅದೇ.

1977ರಲ್ಲಿ ಬಾಬ್‌ಕ್ಯಾಟ್ ಸೈಟಿಸ್‌ನ ಎರಡನೇ ಪಟ್ಟಿಗೆ ಸೇರಿತು. ಅಂದ್ರೆ ವ್ಯಾಪಾರ ಮಾಡಬಹುದು, ಆದ್ರೆ ರಫ್ತಿಗೆ ಅನುಮತಿ ಬೇಕು, ಆ ವ್ಯಾಪಾರದಿಂದ ಪ್ರಾಣಿಯ ಉಳಿವಿಗೆ ಧಕ್ಕೆ ಇಲ್ಲ ಅಂತ ಸರ್ಕಾರ ಖಾತ್ರಿ ಕೊಡಬೇಕು. ಇಲ್ಲೊಂದು ಕುತೂಹಲದ ಜಗಳ ನಡೀತು. ಧಕ್ಕೆ ಇಲ್ಲ ಅಂತ ಹೇಳಬೇಕಾದ್ರೆ ಎಷ್ಟಿವೆ ಅಂತ ಗೊತ್ತಿರಬೇಕಲ್ವಾ ಅಂತ ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್ ಸಂಸ್ಥೆ ಕೋರ್ಟಿಗೆ ಹೋಯ್ತು. 1981ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಹೌದು ಅಂತು: ನಂಬಬಹುದಾದ ಸಂಖ್ಯೆಯ ಅಂದಾಜು ಇಲ್ಲದೆ ರಫ್ತಿಗೆ ಒಪ್ಪಿಗೆ ಕೊಡೋ ಹಾಗಿಲ್ಲ. ಮರುವರ್ಷವೇ, 1982ರಲ್ಲಿ, ಅಮೆರಿಕದ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂತು: ಸಂಖ್ಯೆಯ ಅಂದಾಜು ಕಡ್ಡಾಯ ಅಲ್ಲ.

ಕೋರ್ಟು ಎಣಿಸಿ ಆಮೇಲೆ ಮಾರಿ ಅಂತು. ಸಂಸತ್ತು ಎಣಿಸದಿದ್ರೂ ನಡೆಯುತ್ತೆ ಅಂತು. ಇವತ್ತಿಗೂ ನಡೀತಿರೋ ಚರ್ಚೆಯ ಬೇರು ಇಲ್ಲಿದೆ.

ಹೊಟ್ಟೆಯ ಬಿಳಿ ತುಪ್ಪಳ

ಬಾಬ್‌ಕ್ಯಾಟ್ ಚರ್ಮದಲ್ಲಿ ದುಬಾರಿ ಭಾಗ ಅಂದ್ರೆ ಹೊಟ್ಟೆ. ಮೃದುವಾದ ಬಿಳಿ ತುಪ್ಪಳ, ಅದರ ಮೇಲೆ ಕಪ್ಪು ಚುಕ್ಕೆ. ಅಮೆರಿಕದ ಪಶ್ಚಿಮದ ಒಣ ಪ್ರದೇಶದ ಬೆಕ್ಕುಗಳಲ್ಲಿ ಬಣ್ಣ ತಿಳಿ, ಚುಕ್ಕೆ ಸ್ಪಷ್ಟ. ಅದಕ್ಕೇ ಅವಕ್ಕೆ ಬೆಲೆ ಜಾಸ್ತಿ. ಒಂದು ಉದ್ದ ಕೋಟಿಗೆ ಒಂದೆರಡಲ್ಲ, ಹಲವು ಬೆಕ್ಕು ಬೇಕು.

ವ್ಯಾಪಾರದ ಸರಪಳಿ ಹೀಗಿದೆ. ಟ್ರ್ಯಾಪರ್ ಬೆಕ್ಕನ್ನ ಹಿಡಿದು ಕೊಂದು ಚರ್ಮ ಸುಲಿದು ಒಣಗಿಸ್ತಾನೆ. ರಾಜ್ಯದ ವನ್ಯಜೀವಿ ಇಲಾಖೆ ಅದಕ್ಕೊಂದು ಟ್ಯಾಗ್ ಹಾಕುತ್ತೆ. ಟ್ಯಾಗ್ ಇಲ್ಲದ ಚರ್ಮ ರಫ್ತಾಗಲ್ಲ. ಆಮೇಲೆ ಅದು ಖರೀದಿದಾರರ ಕೈಗೆ ಅಥವಾ ಕೆನಡಾದ ಹರಾಜು ಮಳಿಗೆಗಳಿಗೆ ಹೋಗುತ್ತೆ. ಅಲ್ಲಿಗೆ ಚೀನಾ, ರಷ್ಯಾ, ಗ್ರೀಸ್‌ನ ವ್ಯಾಪಾರಿಗಳು ಬರ್ತಾರೆ. ಗ್ರೀಸ್‌ನಲ್ಲಿ ಕಸ್ತೋರಿಯಾ ಅಂತ ಒಂದು ಊರಿದೆ. ನಮ್ಮ ಇಳಕಲ್ ಅಂದ್ರೆ ಸೀರೆ ಹೇಗೋ, ಕಸ್ತೋರಿಯಾ ಅಂದ್ರೆ ತುಪ್ಪಳದ ಹೊಲಿಗೆ ಹಾಗೆ.

ಇಲ್ಲಿ ಗಮನಿಸಬೇಕಾದ್ದು, ಹಿಡಿಯೋನು ಅಮೆರಿಕದ ಹಳ್ಳಿಯವನು, ತೊಡೋರು ಮಾಸ್ಕೋದಲ್ಲೋ ಬೀಜಿಂಗ್‌ನಲ್ಲೋ ಇರೋರು. ಅಲ್ಲಿ ಕರೆನ್ಸಿ ಬಿದ್ರೆ ಇಲ್ಲಿ ಟ್ರ್ಯಾಪ್ ಕಡಿಮೆ ಆಗುತ್ತೆ. ಅಲ್ಲಿ ಶ್ರೀಮಂತರು ಹೆಚ್ಚಾದ್ರೆ ಇಲ್ಲಿ ಟ್ರ್ಯಾಪ್ ಹೆಚ್ಚಾಗುತ್ತೆ. ಬೆಕ್ಕಿನ ಸಂಖ್ಯೆಗೂ ಇದಕ್ಕೂ ಸಂಬಂಧವೇ ಇಲ್ಲ.

ಜೋಶುವಾ ಟ್ರೀ ಗಡಿಯಲ್ಲಿ ಏನಾಯ್ತು

2010ರ ಆಸುಪಾಸಿನಲ್ಲಿ ಚೀನಾ ಮತ್ತು ರಷ್ಯಾದ ಬೇಡಿಕೆಯಿಂದ ಬೆಲೆ ಮತ್ತೆ ಏರಿತು. ಪಶ್ಚಿಮದ ಒಳ್ಳೆಯ ಚರ್ಮ ನೂರಾರು ಡಾಲರ್‌ಗೆ ಹೋಗ್ತಿತ್ತು. ತೀರಾ ಒಳ್ಳೆಯವು ಸಾವಿರ ಡಾಲರ್ ದಾಟಿದ್ದೂ ಇದೆ. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದ ಒಳಗೆ ಟ್ರ್ಯಾಪ್ ಇಡೋ ಹಾಗಿಲ್ಲ. ಆದ್ರೆ ಗಡಿಯ ಆಚೆ ಇಡಬಹುದಿತ್ತು. ಬೆಕ್ಕಿಗೆ ಗಡಿ ಗೊತ್ತಾ? ನಮ್ಮ ಬಂಡೀಪುರದ ಆನೆಗೆ ಗೊತ್ತಿರೋಷ್ಟೇ.

2013ರ ಆರಂಭದಲ್ಲಿ ಆ ಉದ್ಯಾನದ ಪಕ್ಕದ ನಿವಾಸಿಯೊಬ್ಬರಿಗೆ ತಮ್ಮದೇ ಜಾಗದ ಪೊದೆಯಲ್ಲಿ ಯಾರೋ ಇಟ್ಟಿದ್ದ ಬೋನು ಸಿಕ್ತು. ಅವರನ್ನ ಕೇಳಿರಲಿಲ್ಲ, ಹೇಳಿರಲಿಲ್ಲ. ಊರವರು ಸೇರಿದ್ರು, ಪತ್ರಿಕೆಗಳು ಬರೆದವು. ಶಾಸಕ ರಿಚರ್ಡ್ ಬ್ಲೂಮ್ ಮಸೂದೆ ತಂದ್ರು, ಅದೇ ವರ್ಷ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ್ರು. ಅದೇ 2013ರ ಬಾಬ್‌ಕ್ಯಾಟ್ ಸಂರಕ್ಷಣಾ ಕಾಯ್ದೆ. ಜೋಶುವಾ ಟ್ರೀ ಸುತ್ತ ಟ್ರ್ಯಾಪಿಂಗ್ ನಿಂತಿತು. ಬೇರೆ ಉದ್ಯಾನಗಳ ಸುತ್ತಲೂ ನಿಷೇಧಿತ ವಲಯ ಗುರುತಿಸಬೇಕು ಅಂತ ಆಯ್ತು.

ಆ ಕಾಯ್ದೆಯಲ್ಲಿ ಒಂದು ಸಣ್ಣ ಷರತ್ತಿತ್ತು, ಕಾಮರ್ಸ್ ಓದಿದವರು ಮೆಚ್ಚೋ ಅಂಥದ್ದು. ಟ್ರ್ಯಾಪಿಂಗ್ ನೋಡಿಕೊಳ್ಳೋಕೆ ಸರ್ಕಾರಕ್ಕೆ ಆಗೋ ಖರ್ಚನ್ನ ಪೂರ್ತಿಯಾಗಿ ಲೈಸೆನ್ಸ್ ಮತ್ತು ಟ್ಯಾಗ್ ಶುಲ್ಕದಿಂದಲೇ ವಸೂಲಿ ಮಾಡಬೇಕು. ವಲಯ ಗುರುತಿಸೋದು, ಗಸ್ತು ತಿರುಗೋದು, ಲೆಕ್ಕ ಇಡೋದು, ಇದಕ್ಕೆಲ್ಲ ತೆರಿಗೆದಾರರ ದುಡ್ಡು ಮುಟ್ಟೋ ಹಾಗಿಲ್ಲ. ಲೆಕ್ಕ ಹಾಕಿದಾಗ, ಬೆರಳೆಣಿಕೆಯ ಟ್ರ್ಯಾಪರ್‌ಗಳು ಕಟ್ಟೋ ಶುಲ್ಕಕ್ಕೂ ಖರ್ಚಿಗೂ ಅಜಗಜಾಂತರ. ಅಂದ್ರೆ ಅಷ್ಟು ದಿನ ಆ ವ್ಯಾಪಾರದ ಲಾಭ ಕೆಲವರದ್ದು, ನಿರ್ವಹಣೆಯ ಖರ್ಚು ಎಲ್ಲರದ್ದು ಆಗಿತ್ತು. 2015ರ ಆಗಸ್ಟ್‌ನಲ್ಲಿ ರಾಜ್ಯದ ಮೀನುಗಾರಿಕೆ ಮತ್ತು ಬೇಟೆ ಆಯೋಗ 3-2 ಮತಗಳಿಂದ ಇಡೀ ರಾಜ್ಯದಲ್ಲಿ ಬಾಬ್‌ಕ್ಯಾಟ್ ಟ್ರ್ಯಾಪಿಂಗ್ ನಿಷೇಧಿಸಿತು. ಒಂದೇ ಮತದ ಅಂತರ.

ಇನ್ನೂ ಒಂದು ಸಂಖ್ಯೆ ಹೇಳ್ಬೇಕು. ನಿಷೇಧಕ್ಕೆ ಮುಂಚೆ ಕ್ಯಾಲಿಫೋರ್ನಿಯಾದಲ್ಲಿ ಮಿತಿ ಇರಲಿಲ್ಲ ಅಂತಲ್ಲ. ಇತ್ತು: ವರ್ಷಕ್ಕೆ 14,400 ಬಾಬ್‌ಕ್ಯಾಟ್. ದಶಕಗಳ ಹಿಂದಿನ ಅಂದಾಜಿನ ಮೇಲೆ ನಿಂತ ಸಂಖ್ಯೆ ಅದು. ನಿಷೇಧಕ್ಕೆ ಮುಂಚಿನ ವರ್ಷಗಳಲ್ಲಿ ಸಾಯ್ತಿದ್ದದ್ದು ವರ್ಷಕ್ಕೆ ಒಂದೆರಡು ಸಾವಿರ. ನಮ್ಮಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತೀವಲ್ಲ, ಈ ಮಿತಿ ಅದರ ಉಲ್ಟಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬೆಲೆ ಏರಿ ಟ್ರ್ಯಾಪ್‌ಗಳು ಹೆಚ್ಚಾದಾಗ ಅದು ಯಾರನ್ನೂ ತಡೆಯಲಿಲ್ಲ.

2019ರಲ್ಲಿ ಕ್ಯಾಲಿಫೋರ್ನಿಯಾ ತುಪ್ಪಳಕ್ಕಾಗಿ ಯಾವ ಪ್ರಾಣಿಯನ್ನೂ ಟ್ರ್ಯಾಪ್ ಮಾಡೋ ಹಾಗಿಲ್ಲ ಅಂತ ಕಾನೂನು ಮಾಡಿತು. ಹಾಗೆ ಮಾಡಿದ ಮೊದಲ ರಾಜ್ಯ ಅದು. ಹೊಸ ತುಪ್ಪಳದ ಬಟ್ಟೆ ಮಾರಾಟಕ್ಕೂ ಅದೇ ವರ್ಷ ನಿಷೇಧದ ಕಾನೂನು ಬಂತು, 2023ರಿಂದ ಜಾರಿಯಾಯ್ತು. 2020ರಿಂದ ಬಾಬ್‌ಕ್ಯಾಟ್ ಬೇಟೆಯೂ ನಿಂತಿತು. 2025ರ ನಂತರ ಬೇಕಾದ್ರೆ ಆಯೋಗ ಬೇಟೆಗೆ ಮತ್ತೆ ಅವಕಾಶ ಕೊಡಬಹುದು, ಆದ್ರೆ ಅದಕ್ಕೆ ಮುಂಚೆ ಬಾಬ್‌ಕ್ಯಾಟ್ ಸ್ಥಿತಿ ಅಧ್ಯಯನ ಮಾಡಿ ನಿರ್ವಹಣಾ ಯೋಜನೆ ತಯಾರಿಸಬೇಕು ಅನ್ನೋ ಷರತ್ತಿದೆ. 1981ರ ಕೋರ್ಟು ಕೇಳಿದ್ದೂ ಇದನ್ನೇ ಅಲ್ವಾ? ಮೊದಲು ಎಣಿಸಿ.

ಟ್ರ್ಯಾಪರ್‌ಗಳು ಏನಂತಾರೆ?

ಈಗ ಆ ಕಡೆಯ ಮಾತು. ಅದನ್ನ ಕೇಳದೆ ತೀರ್ಪು ಕೊಟ್ರೆ ಇದು ಪಾಡ್‌ಕಾಸ್ಟ್ ಅಲ್ಲ, ಭಾಷಣ ಆಗುತ್ತೆ.

ಅವರ ಮೊದಲ ವಾದ: ಸಂಖ್ಯೆ ಏರ್ತಾ ಇದೆ, ಮತ್ತೆ ತೊಂದರೆ ಏನು? ವರ್ಷವರ್ಷ ಬೆಳೆಯೋ ಸಂಪತ್ತಿನಲ್ಲಿ ಒಂದು ಪಾಲು ತೆಗೆದ್ರೆ ಮೂಲಕ್ಕೆ ಏನೂ ಆಗಲ್ಲ. ಬಡ್ಡಿ ಮಾತ್ರ ಖರ್ಚು ಮಾಡಿ ಅಸಲು ಉಳಿಸೋ ಹಾಗೆ.

ಎರಡನೇ ವಾದ: ಸಂರಕ್ಷಣೆಗೆ ದುಡ್ಡು ಕೊಡ್ತಿರೋದು ನಾವು. ಇದರಲ್ಲಿ ಸತ್ಯ ಇದೆ. ಅಮೆರಿಕದಲ್ಲಿ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಬಂದೂಕು, ಮದ್ದುಗುಂಡಿನ ಮೇಲೆ ಹಾಕೋ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ. ಬೇಟೆಯ ಲೈಸೆನ್ಸ್ ದುಡ್ಡೂ ಅಲ್ಲಿಗೇ. ಅಲ್ಲಿನ ಜಿಂಕೆ, ಟರ್ಕಿ ಕೋಳಿ ಮತ್ತೆ ಹೆಚ್ಚಾದದ್ದರಲ್ಲಿ ಆ ದುಡ್ಡಿನ ಪಾತ್ರ ದೊಡ್ಡದು.

ಮೂರನೆಯದು: ಹಳ್ಳಿಯ ಬದುಕು ಗೊತ್ತಿಲ್ಲದ ನಗರದ ಜನ, ಒಂದು ವಿಡಿಯೊ ನೋಡಿ, ನಮ್ಮ ಕೆಲಸ ನಿಲ್ಲಿಸ್ತಿದ್ದಾರೆ. ಈ ಸಿಟ್ಟು ಎಷ್ಟಿದೆ ಅಂತ 2024ರ ನವೆಂಬರ್‌ನಲ್ಲಿ ಕೊಲೊರಾಡೊ ತೋರಿಸಿತು. ಬಾಬ್‌ಕ್ಯಾಟ್, ಲಿಂಕ್ಸ್ ಮತ್ತು ಬೆಟ್ಟದ ಸಿಂಹ, ಅಂದ್ರೆ ಪೂಮಾ, ಈ ಮೂರರ ಬೇಟೆ ನಿಷೇಧಿಸೋ ಪ್ರಸ್ತಾವವನ್ನ ಜನರ ಮತಕ್ಕೆ ಹಾಕಿದ್ರು. ಶೇ 55ರಷ್ಟು ಜನ ಬೇಡ ಅಂದ್ರು. ಅದೇ ದಿನ ಡೆನ್ವರ್ ನಗರದ ಮತದಾರರು ತುಪ್ಪಳ ಮಾರಾಟ ನಿಷೇಧವನ್ನೂ ತಿರಸ್ಕರಿಸಿದ್ರು. ಡೆನ್ವರ್ ಹಳ್ಳಿ ಅಲ್ಲ. ಹಾಗಾಗಿ ಇದನ್ನ ಬರೀ ಊರು-ನಗರದ ಜಗಳ ಅಂತಲೂ ಹೇಳೋಕಾಗಲ್ಲ. ವನ್ಯಜೀವಿ ನಿರ್ವಹಣೆ ತಜ್ಞರು ಮಾಡಬೇಕಾದ ಕೆಲಸ, ಮತಪೆಟ್ಟಿಗೆಯದ್ದಲ್ಲ ಅನ್ನೋ ಮಾತು ತುಂಬ ಜನರಿಗೆ ಹಿಡಿಸಿತು.

ಆದ್ರೆ ಅಲ್ಲೊಂದು ಪೇಚು ಇದೆ. ಆ ಚುನಾವಣೆ ನಡೆದಾಗ ಕೊಲೊರಾಡೊದಲ್ಲಿ ಜಿಂಕೆಗೆ, ಪೂಮಾಗೆ ಮಿತಿ ಇತ್ತು. ಬಾಬ್‌ಕ್ಯಾಟ್‌ಗೆ ಒಬ್ಬರು ಇಷ್ಟೇ ಹಿಡಿಯಬೇಕು ಅನ್ನೋ ಮಿತಿಯೇ ಇರಲಿಲ್ಲ. ಲೈಸೆನ್ಸ್ ಇದ್ರೆ ಸೀಸನ್ನಿನಲ್ಲಿ ಎಷ್ಟು ಬೇಕಾದ್ರೂ. ತಜ್ಞರಿಗೆ ಬಿಡಿ ಅನ್ನೋರು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಇನ್ನೊಂದು ಪೇಚು. ಅಮೆರಿಕದ ಬೇಟೆಗಾರರು ಹೆಮ್ಮೆಯಿಂದ ಹೇಳಿಕೊಳ್ಳೋ ಸಂರಕ್ಷಣೆಯ ತತ್ವಗಳಲ್ಲಿ ಒಂದು, ಕಾಡುಪ್ರಾಣಿಯನ್ನ ಮಾರುಕಟ್ಟೆಗಾಗಿ ಕೊಲ್ಲಬಾರದು ಅನ್ನೋದು. ನೀವು ಜಿಂಕೆ ಹೊಡೆದು ಮನೆಯಲ್ಲಿ ತಿನ್ನಬಹುದು, ಆ ಮಾಂಸವನ್ನ ಅಂಗಡಿಗೆ ಮಾರೋ ಹಾಗಿಲ್ಲ. ಯಾಕಂದ್ರೆ ಮಾರುಕಟ್ಟೆಗೆ ಅಂತ ಕೊಂದಾಗ ಏನಾಗುತ್ತೆ ಅಂತ ಕಾಡೆಮ್ಮೆ, ಪ್ಯಾಸೆಂಜರ್ ಪಾರಿವಾಳದ ಕಥೆಯಲ್ಲಿ ಅವರು ಕಣ್ಣಾರೆ ಕಂಡಿದ್ದಾರೆ. ತುಪ್ಪಳ ಮಾತ್ರ ಈ ನಿಯಮಕ್ಕೆ ಹೊರತಾಗಿ ಉಳ್ಕೊಂಡಿದೆ.

ಮಿತಿ ಅಂದ್ರೆ ಎಂಥ ಮಿತಿ?

ಹಾಗಾದ್ರೆ ಮಿತಿ ಇಟ್ಟು ಬೇಟೆ ನಡೆಸೋಕೆ ಆಗಲ್ವಾ? ಆಗುತ್ತೆ. ಇಲಿನಾಯ್ ನೋಡಿ. 1972ರಿಂದ ಅಲ್ಲಿ ಬಾಬ್‌ಕ್ಯಾಟ್ ಬೇಟೆ ನಿಂತಿತ್ತು. 1999ರಲ್ಲಿ ಅಪಾಯದಲ್ಲಿರೋ ಪ್ರಾಣಿಗಳ ಪಟ್ಟಿಯಿಂದ ಅದನ್ನ ತೆಗೆದ್ರು. 2015ರ ಜನವರಿಯಲ್ಲಿ ಬೇಟೆಗೆ ಅವಕಾಶ ಕೊಡೋ ಮಸೂದೆಯನ್ನ ಅಧಿಕಾರ ಬಿಟ್ಟುಹೋಗ್ತಿದ್ದ ಗವರ್ನರ್ ಪ್ಯಾಟ್ ಕ್ವಿನ್ ತಳ್ಳಿಹಾಕಿದ್ರು. ಅದೇ ವರ್ಷ ಹೊಸ ಗವರ್ನರ್ ಬ್ರೂಸ್ ರೌನರ್ ಅಂಥದ್ದೇ ಮಸೂದೆಗೆ ಸಹಿ ಹಾಕಿದ್ರು. ಬೆಕ್ಕು ಅದೇ, ಕಾಡು ಅದೇ. ಬದಲಾದದ್ದು ಕುರ್ಚಿಯಲ್ಲಿ ಕೂತವರು.

ಆದ್ರೆ ಅಲ್ಲಿ ಇಟ್ಟ ಮಿತಿ ಬಿಗಿಯಾಗಿತ್ತು. 2016ರಲ್ಲಿ ಶುರುವಾದ ಮೊದಲ ಸೀಸನ್ನಿಗೆ ಲಾಟರಿಯಲ್ಲಿ 500 ಪರವಾನಗಿ. ಒಂದು ಪರವಾನಗಿಗೆ ಒಂದೇ ಬೆಕ್ಕು. ಒಟ್ಟು 350 ಆದ ತಕ್ಷಣ ಸೀಸನ್ ಬಂದ್. ಇಂಥ ಮಿತಿಯಲ್ಲಿ ತುಪ್ಪಳದ ಬೆಲೆ ಸಾವಿರ ಡಾಲರ್ ಆದ್ರೂ ಒಬ್ಬ ಹಿಡಿಯೋದು ಒಂದನ್ನೇ. ಇಂಡಿಯಾನಾ 2024ರಲ್ಲಿ ಕಾನೂನು ಮಾಡಿ, ದಕ್ಷಿಣದ 40 ಕೌಂಟಿಗಳಲ್ಲಿ ಒಟ್ಟು 250, ಒಬ್ಬರಿಗೆ ಒಂದು ಅನ್ನೋ ನಿಯಮ ತಂದಿದ್ದೂ ಇದೇ ಮಾದರಿ. ಇದು ನನಗೆ ಇಷ್ಟವೋ ಇಲ್ಲವೋ ಬೇರೆ ಮಾತು. ಬೆಲೆಗೆ ಜಗ್ಗದ ಮಿತಿ ಅಂದ್ರೆ ಹೀಗಿರುತ್ತೆ.

ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಇನ್ನೊಂದು ಥರ ಆಯ್ತು. 1989ರಿಂದ ಅಲ್ಲಿ ಬೇಟೆ ನಿಂತಿತ್ತು. 2016ರಲ್ಲಿ 50 ಪರವಾನಗಿ ಕೊಡೋಣ ಅಂತ ಇಲಾಖೆ ಹೊರಟಿತು. ರಾಜ್ಯದಲ್ಲಿ ಸುಮಾರು 1,400 ಬಾಬ್‌ಕ್ಯಾಟ್ ಇವೆ, 50 ಏನು ಮಹಾ ಅನ್ನೋ ಲೆಕ್ಕ. ಜನ ದೊಡ್ಡ ಸಂಖ್ಯೆಯಲ್ಲಿ ವಿರೋಧಿಸಿದ್ರು. ಕೊನೆಗೆ ಪ್ರಸ್ತಾವ ಬಿದ್ದಿದ್ದು ಬಾಬ್‌ಕ್ಯಾಟ್‌ನಿಂದಲ್ಲ, ಅದರ ದಾಯಾದಿ ಕೆನಡಾ ಲಿಂಕ್ಸ್‌ನಿಂದ. ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ ಇರೋ ಲಿಂಕ್ಸ್‌ಗೆ ಕಾನೂನಿನ ರಕ್ಷಣೆ ಇದೆ. ಬಾಬ್‌ಕ್ಯಾಟ್‌ಗೆ ಇಟ್ಟ ಟ್ರ್ಯಾಪ್‌ಗೆ ಲಿಂಕ್ಸ್ ಬಿದ್ರೆ? ಶಾಸಕರ ಸಮಿತಿ ಈ ಪ್ರಶ್ನೆ ಎತ್ತಿ ಆಕ್ಷೇಪಿಸಿತು, ಇಲಾಖೆ ಪ್ರಸ್ತಾವ ವಾಪಸ್ ತಗೊಂಡಿತು.

ಈ ಪ್ರಶ್ನೆ ನಮಗೂ ಗೊತ್ತಿರೋದೇ. ನಮ್ಮ ಮಲೆನಾಡಲ್ಲಿ, ಕೊಡಗಿನಲ್ಲಿ ಕಾಡುಹಂದಿಗೆ ಅಂತ ಬೇಲಿಯಲ್ಲಿ ಕಟ್ಟಿದ ಉರುಳಿಗೆ ಚಿರತೆ ಬಿದ್ದ ಸುದ್ದಿ ಎಷ್ಟು ಸಲ ಓದಿಲ್ಲ? ಲೈಸೆನ್ಸ್ ಮೇಲೆ ಯಾವ ಪ್ರಾಣಿಯ ಹೆಸರು ಬರೆದಿದೆ ಅಂತ ಟ್ರ್ಯಾಪ್‌ಗೆ ಗೊತ್ತಾಗಲ್ಲ.

ನೋವಿನ ವಿಷಯವನ್ನೂ ಬಿಡೋ ಹಾಗಿಲ್ಲ. ಕಾಲು ಕಚ್ಚಿ ಹಿಡಿಯೋ ಉಕ್ಕಿನ ಟ್ರ್ಯಾಪ್ ಪ್ರಾಣಿಯನ್ನ ಕೊಲ್ಲಲ್ಲ, ಹಿಡಿದು ನಿಲ್ಲಿಸುತ್ತೆ. ಟ್ರ್ಯಾಪರ್ ಬರೋವರೆಗೆ ಅದು ಚಳಿಯಲ್ಲಿ, ಬಾಯಾರಿಕೆಯಲ್ಲಿ ಅಲ್ಲೇ ಇರಬೇಕು. ಟ್ರ್ಯಾಪ್‌ಗಳನ್ನ ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ಕಡೆ ದಿನಾ ನೋಡಲೇಬೇಕು. ನೆವಾಡಾದಲ್ಲಿ 96 ಗಂಟೆಯ ಗಡುವು ವರ್ಷಗಟ್ಟಲೆ ಜಗಳಕ್ಕೆ ಕಾರಣವಾಗಿತ್ತು. ನಾಲ್ಕು ದಿನ! ಬಂದವನು ತುಪ್ಪಳ ಕೆಡದ ಹಾಗೆ ಕೊಲ್ಲಬೇಕು. ಯುರೋಪಿಯನ್ ಒಕ್ಕೂಟ 1991ರಲ್ಲೇ ಇಂಥ ಟ್ರ್ಯಾಪ್ ಬಳಕೆ ನಿಷೇಧಿಸೋ ನಿಯಮ ಮಾಡಿತು. ಆದ್ರೆ ಅಮೆರಿಕದ ಕಾಡುತುಪ್ಪಳ ಕೊಳ್ಳೋದನ್ನ ನಿಲ್ಲಿಸಲಿಲ್ಲ, ಮಾತುಕತೆಯಲ್ಲಿ ಅದಕ್ಕೊಂದು ದಾರಿ ಮಾಡಿಕೊಂಡಿತು. ನಮ್ಮ ಊರಲ್ಲಿ ಬೇಡ, ನಿಮ್ಮ ಊರಿಂದ ಬಂದ್ರೆ ಪರವಾಗಿಲ್ಲ.

ಬೆಲೆ ಇಳಿದಿರುವಾಗಲೇ

ಕಳೆದ ಹತ್ತು ವರ್ಷಗಳಲ್ಲಿ ತುಪ್ಪಳದ ಮಾರುಕಟ್ಟೆ ಕುಸಿದಿದೆ. 2014ರಲ್ಲಿ ರಷ್ಯಾದ ರೂಬಲ್ ಬಿತ್ತು. 2017ರಲ್ಲಿ ಗುಚ್ಚಿ, 2019ರಲ್ಲಿ ಪ್ರಾಡಾ ತುಪ್ಪಳ ಬಿಡ್ತೀವಿ ಅಂದವು. ಟೊರಾಂಟೊದ ನಾರ್ತ್ ಅಮೆರಿಕನ್ ಫರ್ ಆಕ್ಷನ್ಸ್ 2019ರಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯ್ತು. ಉಳಿದ ಕಾಡುತುಪ್ಪಳಗಳ ಬೆಲೆ ನೆಲ ಕಚ್ಚಿದಾಗಲೂ ಪಶ್ಚಿಮದ ಒಳ್ಳೆಯ ಬಾಬ್‌ಕ್ಯಾಟ್‌ಗೆ ಮಾತ್ರ ಕೊಳ್ಳೋರು ಉಳ್ಕೊಂಡ್ರು.

ಇದನ್ನ ನೋಡಿ ಕೆಲವರು, "ಮಾರುಕಟ್ಟೆಯೇ ಸಾಯ್ತಿದೆ, ಕಾನೂನು ಯಾಕೆ?" ಅಂತಾರೆ. ನಾನು ಇದಕ್ಕೆ ಪೂರ್ತಿ ಉಲ್ಟಾ ಹೇಳ್ತೀನಿ. 1970ರ ದಶಕದಲ್ಲಿ ಬೆಲೆ ಏರಿದ ಮೇಲೆ ಕಾನೂನು ಬಂತು. 2013ರಲ್ಲೂ ಬೆಲೆ ಏರಿ, ಮನೆ ಪಕ್ಕದ ಪೊದೆಗೆ ಬೋನು ಬಂದ ಮೇಲೆ ಕಾನೂನು ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬೆಲೆ ಏರಿದಾಗ ಮಿತಿ ಹಾಕೋಕೆ ಹೋದ್ರೆ ಕಳ್ಕೊಳ್ಳೋರ ಗಂಟಲು ಜೋರಾಗಿರುತ್ತೆ, ಯಾಕಂದ್ರೆ ಕಳ್ಕೊಳ್ಳೋಕೆ ದುಡ್ಡಿರುತ್ತೆ. ಬೆಲೆ ಇಳಿದಿರುವಾಗ ಮಿತಿ ಹಾಕಿದ್ರೆ ಯಾರ ಹೊಟ್ಟೆಗೂ ಹೊಡೆದ ಹಾಗಾಗಲ್ಲ. ನಾಳೆ ಯಾವುದೋ ದೇಶದಲ್ಲಿ ಯಾರೋ ನಟಿ ಚುಕ್ಕೆ ಕೋಟು ಹಾಕ್ಕೊಂಡು ರೀಲ್ ಮಾಡಿದ್ರೆ ಬೆಲೆ ಮತ್ತೆ ಏರೋಕೆ ಎಷ್ಟು ದಿನ ಬೇಕು ಹೇಳಿ.

ನನ್ನ ಅಭಿಪ್ರಾಯ ಕೇಳ್ತೀರಾ? ತುಪ್ಪಳಕ್ಕಾಗಿ ಕೊಲ್ಲೋದು ನಿಂತ್ರೆ ನನಗೆ ಸಂತೋಷ. ಆದ್ರೆ ಕೊಲೊರಾಡೊ ಜನರ ಹಾಗೆ ಒಪ್ಪದವರೂ ಇರ್ತಾರೆ. ಅಂಥ ಕಡೆ ಕನಿಷ್ಠ ಮೂರು ಕೆಲಸ ಆಗಲಿ. ಎಷ್ಟಿವೆ ಅಂತ ಮೊದಲು ಅಂದಾಜು ಮಾಡಲಿ. ಒಬ್ಬರಿಗೆ ಇಷ್ಟು, ರಾಜ್ಯಕ್ಕೆ ಇಷ್ಟು ಅಂತ ನಿಜವಾಗಿ ತಡೆಯೋ ಮಿತಿ ಇಡಲಿ. ಆ ವ್ಯವಸ್ಥೆಯ ಪೂರ್ತಿ ಖರ್ಚನ್ನ ತುಪ್ಪಳ ಮಾರಿ ದುಡ್ಡು ಮಾಡೋರೇ ಕೊಡಲಿ. ಈ ಮೂರನ್ನೂ ಪಾಲಿಸಿದ್ರೆ ಎಷ್ಟು ಜನ ಟ್ರ್ಯಾಪರ್‌ಗಳು ಉಳೀತಾರೆ ಅನ್ನೋದಕ್ಕೆ ಕ್ಯಾಲಿಫೋರ್ನಿಯಾ ಒಂದು ಉತ್ತರ ಕೊಟ್ಟಿದೆ.

ಬಾಬ್‌ಕ್ಯಾಟ್ ಸಾಯೋದು ಟ್ರ್ಯಾಪ್‌ನಿಂದ ಮಾತ್ರ ಅಲ್ಲ ಅನ್ನೋದನ್ನೂ ಸೇರಿಸಬೇಕು. ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಸಾಯುತ್ತೆ. ಲಾಸ್ ಏಂಜಲೀಸ್ ಸುತ್ತಮುತ್ತ ಇಲಿ ಪಾಷಾಣ ತಿಂದ ಇಲಿಯನ್ನ ತಿಂದು, ಚರ್ಮರೋಗ ಬಂದು ಸತ್ತಿವೆ. ಟ್ರ್ಯಾಪಿಂಗ್ ನಿಷೇಧಿಸಿ ಕೈ ತೊಳ್ಕೊಂಡ್ರೆ ಅವು ನಿಲ್ಲಲ್ಲ.

ಇಲ್ಲಿ ಕೂತಿರೋ ನಮಗೇನು ಕೆಲಸ ಅಂತೀರಾ? ಭಾರತ 2017ರಲ್ಲಿ ಮಿಂಕ್, ನರಿ, ಚಿಂಚಿಲಾ ತುಪ್ಪಳದ ಆಮದು ನಿಷೇಧಿಸಿತು. ಬಾಬ್‌ಕ್ಯಾಟ್ ಹೆಸರು ಆ ಆದೇಶದಲ್ಲಿಲ್ಲ. ನಮ್ಮವರು ಈಗ ಕೆಲಸಕ್ಕೆ, ಓದೋಕೆ ಅಂತ ಟೊರಾಂಟೊ, ಡೆನ್ವರ್, ಚಿಕಾಗೊದ ಚಳಿಗೆ ಹೋಗ್ತಾರೆ. ಅಲ್ಲಿ ಮೊದಲು ಕೊಳ್ಳೋದೇ ಜಾಕೆಟ್. ಕೊಳ್ಳುವಾಗ ಕಾಲರ್ ಮೇಲಿನ ಕೂದಲು ಯಾವುದು ಅಂತ ಲೇಬಲ್ ಓದಿ. ಒಂದು ಸಣ್ಣ ಎಚ್ಚರಿಕೆ: ನಮ್ಮಲ್ಲಿ ಎಷ್ಟೋ ಜನ "ಫಾಕ್ಸ್ ಫರ್" ಅಂತ ಓದೋ ನಕಲಿ ತುಪ್ಪಳದ ಸರಿಯಾದ ಉಚ್ಚಾರ "ಫೋ ಫರ್". ನಿಜವಾದ ಫಾಕ್ಸ್ ಫರ್ ಅಂದ್ರೆ ನರಿಯದ್ದೇ. ಅಂಗಡಿಯಲ್ಲಿ ಕೇಳುವಾಗ ಎರಡನ್ನೂ ಅದಲುಬದಲು ಮಾಡ್ಬೇಡಿ.

ಇವತ್ತಿಗೆ ಇಷ್ಟು. ಒಪ್ಪಿದ್ರೂ, ಒಪ್ಪದಿದ್ರೂ ನಿಮ್ಮ ಮಾತು ವಾಯ್ಸ್ ನೋಟ್ ಮಾಡಿ ಕಳಿಸಿ. ಅದರಲ್ಲೂ ಅಮೆರಿಕ, ಕೆನಡಾದ ಹಳ್ಳಿ ಕಡೆ ಇರೋ ಕನ್ನಡಿಗರು ಯಾರಾದ್ರೂ ಕೇಳ್ತಿದ್ರೆ, ನಿಮ್ಮ ಪಕ್ಕದ ಮನೆಯವರು ಇದರ ಬಗ್ಗೆ ಏನಂತಾರೆ ಅಂತ ತಿಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.